ಕರಿ ಕಂಬಳಿ ಹೊದ್ದವರು ಕರಡಿಗಳಲ್ಲ

ಶಿಕಾರಿಗೆ ಅಪ್ಪಣೆ ಕೊಡುವ ಕಾಡಿನ ಅಧಿಕಾರಿಗಳ ಸನ್ನಿಧಾನಕ್ಕೆ, ಈ ಪತ್ರಿಕೆ ಓದುವ ಎಲ್ಲರ ಸಮಕ್ಷಮದಲ್ಲಿ:

ಮಾನ್ಯರೇ,

ದಾವಣಗೆರೆಯಿಂದ ಜೀಪಿನಲ್ಲಿ ಬಂದ ದೊಡ್ಡ ಮನುಷ್ಯರೊಬ್ಬರು ನನ್ನ ಭಾಮೈದ ಯರ್ರಿಸ್ವಾಮಿಯನ್ನು ಕರಡಿಯೆಂದು ತಿಳಿದು ಗುಂಡು ಹೊಡೆದರು. ಅವನು ಬದುಕಿದ. ನಾವು ತಮ್ಮ ಕಚೇರಿಗೆ ಬಂದು ದೂರು ಹೇಳಿದೆವು. ತಾವು ಸಮಾಧಾನವಾಗಿ ಕೇಳಿಸಿಕೊಂಡು, ಚೆನ್ನಾಗಿ ಆಲೋಚನೆ ಮಾಡಿ, ಕರಿ ಕಂಬಳಿ ಹೊದೆಯುವುದನ್ನು ನಿಷೇಧಿಸಿದಿರಿ.

ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ನಮ್ಮ ಹಟ್ಟಿಯ ಜನ ನಗುವುದನ್ನೇ ಆರಿಸಿಕೊಂಡಿದ್ದಾರೆ. ನನಗೆ ಮಾತ್ರ ನಗು ಅರ್ಧಕ್ಕೇ ನಿಂತುಹೋಗುತ್ತದೆ. ನಾನು ಹುಟ್ಟಾ ಗಾಬರಿಯ ಮನುಷ್ಯ. ಜಗಳೂರು ಬಸ್ಸು ಹತ್ತಿದ ಕೂಡಲೇ ಬ್ರೇಕು ಸರಿ ಇದೆಯೇ ಎಂದು ಕಂಡಕ್ಟರನ್ನು ಕೇಳುವವನು. ಮಳೆ ಬಂದರೆ ಗೋಡೆ ಬೀಳುವ ಚಿಂತೆ, ಬಾರದಿದ್ದರೆ ಶೇಂಗಾ ಒಣಗುವ ಚಿಂತೆ, ಹದವಾಗಿ ಬಂದರೆ ಇಷ್ಟು ಹದವಾಗಿ ಯಾಕೆ ಬರುತ್ತಿದೆ ಎಂಬ ಚಿಂತೆ. ಓದಿನ ವಿಷಯ ಹೇಳುವುದಾದರೆ, ಐದನೇ ಕ್ಲಾಸಿನ ನಡುವೆ ನಮ್ಮ ಮೇಷ್ಟ್ರಿಗೆ ವರ್ಗವಾಯಿತು. ಹೊಸ ಮೇಷ್ಟ್ರು ಬರುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು. ಆದ್ದರಿಂದ ಈ ಪತ್ರದಲ್ಲಿ ಒತ್ತು, ದೀರ್ಘ ತಪ್ಪಿದ್ದರೆ ಪತ್ರಿಕೆಯವರು ತಿದ್ದಿಕೊಂಡಿರುತ್ತಾರೆ. ಸಂಗತಿ ತಪ್ಪಿದ್ದರೆ ತಾವು ತಿದ್ದಬಹುದು. ತಿದ್ದುವ ಹಾಗಿಲ್ಲ ಎಂಬುದೇ ನನ್ನ ಧೈರ್ಯ.

ಚಾವಡಿಯ ಬಾಗಿಲಿಗೆ ಅಂಟಿಸಿರುವ ತಮ್ಮ ಪ್ರಕಟಣೆಯನ್ನು ನಾನೇ ಗಟ್ಟಿಯಾಗಿ ಓದಿ ಹಟ್ಟಿಗೆಲ್ಲ ಹೇಳಿದೆ. "ಶಿಕಾರಿಯ ದಿವಸಗಳಂದು ಉಡಚಮ್ಮನ ಗುಡ್ಡದ ಸರಹದ್ದಿನಲ್ಲಿ ಕುರಿಗಾರರು ಕರಿಯ ಕಂಬಳಿ ಹೊದ್ದು ಕುಳಿತುಕೊಳ್ಳತಕ್ಕದ್ದಲ್ಲ. ಮೀರಿ ಕುಳಿತಲ್ಲಿ ಮುಂದೆ ಆಗಬಹುದಾದ ಅನಾಹುತಕ್ಕೆ ಸದರಿಯವರೇ ಜವಾಬ್ದಾರರು." ಎಂಥ ಗಂಭೀರವಾದ ಭಾಷೆ! ನಾನು ಓದಿ ಮುಗಿಸಿದಾಗ ತಮಟೆಯ ಸಣ್ಣಪ್ಪ ಕೇಳಿದ:

"ಹಂಗಾರೆ ಕರಡಿಗೂ ಒಂದು ನೋಟೀಸು ಅಂಟ್ಸಿದಾರೇನಪ್ಪ? ಕುರಿಯೋರ ತರ ಕಾಣ್ಬ್ಯಾಡ ಅಂತ?"

ಮಾನ್ಯರೇ, ತಾವು ಬೇರೆ ಸೀಮೆಯಿಂದ ಬಂದವರು. ಕಂಬಳಿಯೆಂದರೆ ಹಾಸಿಗೆಯ ಮೇಲಿನ ಬಟ್ಟೆ ಎಂದು ತಿಳಿದಿರಬಹುದು. ನಮ್ಮಲ್ಲಿ ಅದು ಮನೆ. ಕುರಿಯ ಹಿಂದೆ ಹೋದವನಿಗೆ ಬಯಲಿನಲ್ಲಿ ಗೋಡೆಯಿಲ್ಲ, ಸೂರಿಲ್ಲ. ಹೆಗಲ ಮೇಲಿನ ಕಂಬಳಿಯೇ ಎರಡೂ. ನಮ್ಮ ಕುರಿಗಳು ಕರಿ, ಅವುಗಳ ಉಣ್ಣೆ ಕರಿ, ನೂತ ನೂಲು ಕರಿ, ನೇಯ್ದ ಕಂಬಳಿಯೂ ಕರಿ. ಯಾರೂ ಬೇಕೆಂದು ಬಣ್ಣ ಹಾಕಿದ್ದಲ್ಲ. ನೇಯ್ದಾದ ಮೇಲೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕುತ್ತಾರೆ. ಆಗ ಅದು ತಗಡಿನ ಹಾಗೆ ಬಿರುಸಾಗಿ, ಹನಿ ಬಿದ್ದರೆ ಉರುಳಿ ಹೋಗುತ್ತದೆ. ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತರೆ, ಒಳಗಿರುವ ಮನುಷ್ಯನ ಕುತ್ತಿಗೆಯೂ ಕಾಣುವುದಿಲ್ಲ, ಭುಜವೂ ಕಾಣುವುದಿಲ್ಲ. ದೂರದಿಂದ ನೋಡಿದರೆ ಒಂದು ಕರಿ ಗುಪ್ಪೆ. ಒಪ್ಪುತ್ತೇನೆ, ಕರಡಿಯ ಹಾಗೆಯೇ ಕಾಣುತ್ತದೆ. ಆದರೆ ನಮ್ಮ ಅಜ್ಜಂದಿರ ಕಾಲದಿಂದ ಆ ಗುಡ್ಡದಲ್ಲಿ ಕರಡಿಯೂ ಇದೆ, ಕೊಪ್ಪೆಯೂ ಇದೆ. ಕರಡಿ ಇವತ್ತಿನವರೆಗೂ ನಮ್ಮನ್ನು ಕರಡಿಯೆಂದು ತಿಳಿದು ಮಾತಾಡಿಸಲು ಬಂದದ್ದಿಲ್ಲ.

ಈಗ ಆವತ್ತಿನ ಸಂಗತಿಗೆ ಬರುತ್ತೇನೆ. ಕಚೇರಿಯಲ್ಲಿ ನಾನು ಹೇಳಲು ಹೊರಟಾಗ ತಮಗೆ ಮೇಲಿನ ಸಾಹೇಬರ ಫೋನು ಬಂದು ಅರ್ಧಕ್ಕೇ ನಿಂತಿತು.

ಜೀಪಿನಲ್ಲಿ ಬಂದವರು ಮೂವರು. ಅಕ್ಕಿ ಗಿರಣಿಯ ಯಜಮಾನರು, ರಸ್ತೆ ಮಾಡಿಸುವ ಗುತ್ತಿಗೆದಾರರು, ಒಬ್ಬ ಹಲ್ಲಿನ ಡಾಕ್ಟರು. ಕೈಯಲ್ಲಿದ್ದದ್ದು ತಾವು ಕೊಟ್ಟ ಅಪ್ಪಣೆ. ಶೇಂಗಾ ಹೊಲ ಹಾಳುಮಾಡುವ ಹಂದಿಗಳನ್ನು ಹೊಡೆಯಲು. ಹೊಲ ಯಾವ ಕಡೆ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಜೀಪಿನಿಂದ ಇಳಿದವರೇ "ಚಿರತೆ ಎಲ್ಲಿ ಮಲಗುತ್ತದೆ, ಕರಡಿ ಎಲ್ಲಿ ನೀರು ಕುಡಿಯುತ್ತದೆ" ಎಂದು ವಿಚಾರಿಸಿದರು. ಹಟ್ಟಿಯ ಗಂಡಸರನ್ನು ಸೋವಿಗೆ ಕರೆದರು. ಸೋವೆಂದರೆ ಗುಡ್ಡದ ಆ ಬದಿಯಿಂದ ತಮಟೆ ಬಡಿದು ಕೂಗು ಹಾಕುತ್ತ ಪ್ರಾಣಿಗಳನ್ನು ಬಂದೂಕಿನ ಕಡೆಗೆ ಓಡಿಸುವ ಕೆಲಸ. ಸಣ್ಣಪ್ಪ ತಮಟೆ ಕಾಯಿಸಿಕೊಂಡು ಹೊರಟ. ನಾನು ಸೋವಿಗೆ ಹೋದರೆ ಪ್ರಾಣಿಗಿಂತ ಮುಂದೆ ಓಡುತ್ತೇನೆಂದು ಎಲ್ಲರಿಗೂ ಗೊತ್ತು; ಆದ್ದರಿಂದ ಸಾಹೇಬರ ಊಟದ ಕ್ಯಾರಿಯರು ಹಿಡಿದು ಜೀಪಿನ ಹತ್ತಿರ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಹೀಗೆ ನಾನು ಪ್ರತ್ಯಕ್ಷ ಸಾಕ್ಷಿ.

ಬೆಳಗಿನ ಹೊತ್ತು, ಸಣ್ಣಗೆ ಜಿನುಗು ಹನಿ. ಗಿರಣಿ ಯಜಮಾನರು ನೆಲಕ್ಕೆ ಕಾಲಿಡದೆ ಜೀಪಿನ ಬಾನೆಟ್ಟಿನ ಮೇಲೆ ದಿಂಬು ಹಾಕಿಕೊಂಡು ಕೂತಿದ್ದರು. ಅವರ ಬಂದೂಕಿನ ಬಾಯಿ ಒಮ್ಮೆ ಗುಡ್ಡದ ಕಡೆ, ಒಮ್ಮೆ ಡಾಕ್ಟರ ಕಡೆ, ಒಮ್ಮೆ ನನ್ನ ಕ್ಯಾರಿಯರಿನ ಕಡೆ ತಿರುಗುತ್ತಿತ್ತು. ಅದು ನನ್ನ ಕಡೆ ತಿರುಗಿದಾಗಲೆಲ್ಲ ನಾನು ಜೀಪಿನ ಹಿಂದಕ್ಕೆ ಹೋಗುತ್ತಿದ್ದೆ. "ಯಾಕಯ್ಯ ಹಂಗೆ ಸುತ್ತುತ್ತೀಯ?" ಎಂದು ಗುತ್ತಿಗೆದಾರರು ಗದರಿದರು. ಅಷ್ಟರಲ್ಲಿ ಆ ಬದಿಯಿಂದ ತಮಟೆ ಕೇಳಿಸಿತು. ಒಂದು ಮೊಲ ಓಡಿತು, ಎರಡು ನವಿಲು ಹಾರಿದವು. ಯಜಮಾನರು ಥಟ್ಟನೆ ಮಗ್ಗುಲಿನ ಬಂಡೆಯ ಕಡೆ ಕೈ ಮಾಡಿ ಪಿಸುಗುಟ್ಟಿದರು: "ಕರಡಿ!"

ನಾನು ನೋಡಿದೆ. ಅದು ಯರ್ರಿಸ್ವಾಮಿ ದಿನಾ ಕೂರುವ ಬಂಡೆ.

"ಸ್ವಾಮಿ, ಅದು..." ಎಂದೆ.

"ಶ್! ಸದ್ದು ಮಾಡಬೇಡ, ಓಡಿಹೋಗುತ್ತೆ."

"ಓಡಲ್ಲ ಸ್ವಾಮಿ, ಅದು ನನ್ನ ಹೆಂಡ್ತಿ ತಮ್ಮ!"

ಗುತ್ತಿಗೆದಾರರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. "ಕೇಳಿದ್ರಾ ಡಾಕ್ಟ್ರೇ, ಕರಡಿ ಇವನಿಗೆ ಭಾಮೈದ ಆಗಬೇಕಂತೆ!" ಡಾಕ್ಟರೂ ನಕ್ಕರು. "ಕರಡಿ ಮನೆಗೆ ಹೆಣ್ಣು ಕೊಟ್ಟು ಹೆಣ್ಣು ತಂದಿರೋ, ಬರೀ ತಂದಿರೋ?" ಎಂದು ನನ್ನನ್ನೇ ಕೇಳಿದರು. ಅವರು ನಗುತ್ತಿದ್ದಾಗಲೇ ಈಡು ಹಾರಿತು.

ಬಂಡೆಯ ಮೇಲಿನ ಕಂಬಳಿ ಎಗರಿತು. ನನ್ನ ಕೈಯಿಂದ ಕ್ಯಾರಿಯರು ಬಿದ್ದು ಚಿತ್ರಾನ್ನವೆಲ್ಲ ಮಣ್ಣಾಯಿತು. ನಾನು ಸುಂಕಲಮ್ಮನ ಮುಖವನ್ನು ನೆನೆಸಿಕೊಂಡೆ. ಅವಳು ನನ್ನ ಹೆಂಡತಿ, ಅವನು ಅವಳ ಒಬ್ಬನೇ ತಮ್ಮ. ಯಜಮಾನರು ಮೊದಲ ಸಲ ನೆಲಕ್ಕೆ ಕಾಲಿಟ್ಟು, ಕ್ಯಾಮರಾ ಹಿಡಿದ ಡಾಕ್ಟರನ್ನು ಕರೆದುಕೊಂಡು, ಟೋಪಿ ಸರಿಮಾಡಿಕೊಳ್ಳುತ್ತ ಬಂಡೆಯ ಕಡೆ ನಡೆದರು. ಅರ್ಧ ದಾರಿಗೆ ಹೋಗಿದ್ದರೋ ಇಲ್ಲವೋ, ಕರಡಿ ಎದ್ದು ನಿಂತಿತು.

"ಯಾವನಲೇ ಅವ್ನು? ಯಾವನಲೇ ನನ್ನ ಕಂಬ್ಳಿಗೆ ಗುಂಡು ಹೊಡೆದೋನು? ಬಾರಲೇ ಮುಂದಕ್ಕೆ!"

ಹಲ್ಲಿನ ಡಾಕ್ಟರು ಕ್ಯಾಮರಾ ಬಿಟ್ಟು ಹಿಂದಕ್ಕೆ ಹಾರಿ, "ಅಯ್ಯೋ, ಮಾತಾಡುತ್ತೆ ಕಣ್ರೀ!" ಎಂದು ಕೂಗಿದರು. ಆಮೇಲೆ ಯರ್ರಿಸ್ವಾಮಿ ಹೇಳಿದ ಮಾತುಗಳನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಆದದ್ದು ಇಷ್ಟೇ: ಒಂದು ಮರಿಯ ಕಾಲಿಗೆ ಮುಳ್ಳು ಚುಚ್ಚಿತ್ತು. ಅದನ್ನು ಕೀಳಲು ಅವನು ಒಳಗಿನಿಂದಲೇ ಪಕ್ಕಕ್ಕೆ ಬಾಗಿದ್ದ. ಕಂಬಳಿ ಬಿರುಸಾದದ್ದು, ಒಳಗಿನವನು ಬಾಗಿದರೂ ತಾನು ನೆಟ್ಟಗೆ ನಿಂತೇ ಇತ್ತು. ಗುಂಡು ಖಾಲಿ ಕಂಬಳಿಯನ್ನು ತೂರಿ ಹೋಯಿತು. ಹುಣಸೆ ಬೀಜದ ಗಂಜಿ ಒಂದು ಹಿಡಿ ಕಡಿಮೆಯಾಗಿದ್ದರೆ ನನ್ನ ಹೆಂಡತಿ ಇವತ್ತು ನನ್ನ ಜೊತೆ ನಗುತ್ತಿರಲಿಲ್ಲ.

ಗುಂಡು ಹೊಡೆದವರು ಕೈ ಮುಗಿಯುತ್ತಾರೆಂದು ನಾನು ತಿಳಿದೆ. ನನ್ನ ಓದು ಕಡಿಮೆ, ಆದ್ದರಿಂದ ಹಾಗೆ ತಿಳಿದೆ. ಯಜಮಾನರು ಕಣ್ಣು ಕೆಂಪಗೆ ಮಾಡಿ, "ಯಾಕಯ್ಯ ಕರಡಿ ಹಾಗೆ ಕೂತಿದ್ದೆ? ಬುದ್ಧಿ ಇಲ್ವಾ ನಿನಗೆ?" ಎಂದು ಕೇಳಿದರು.

"ನಮ್ಮಪ್ಪನೂ ಹಿಂಗೇ ಕುಂತಿದ್ದ, ನಮ್ಮಜ್ಜನೂ ಹಿಂಗೇ ಕುಂತಿದ್ದ. ಕಣ್ಣಿದ್ದೋರು ಯಾರೂ ಕರಡಿ ಅನ್ಲಿಲ್ಲ," ಎಂದ ಯರ್ರಿಸ್ವಾಮಿ.

"ಏನೋ, ದೇವರ ದಯೆ, ಏನೂ ಆಗಲಿಲ್ಲವಲ್ಲ," ಎಂದು ಗುತ್ತಿಗೆದಾರರು ಅವನ ಬೆನ್ನು ತಟ್ಟಿ ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಅವನು ಅದನ್ನು ಅಲ್ಲೇ ಬಿಚ್ಚಿ, ಮುಳ್ಳು ಚುಚ್ಚಿದ್ದ ಮರಿಗೆ ತಿನ್ನಿಸಿ, ಕಾಗದವನ್ನು ಯಜಮಾನರ ಕೈಗೆ ವಾಪಸು ಕೊಟ್ಟ.

ಮಾನ್ಯರೇ, ಇದು ಗುರಿ ತಪ್ಪಿದ ಕಥೆಯೆಂದು ತಾವು ಹೇಳಬಹುದು. ಕಚೇರಿಯಲ್ಲಿ ಹೇಳಿಯೂ ಹೇಳಿದಿರಿ. ನನ್ನ ಲೆಕ್ಕದಲ್ಲಿ ಗುರಿ ತಪ್ಪಿದ್ದೇ ಆವತ್ತಿನ ಒಳ್ಳೆಯ ಕೆಲಸ. ತಪ್ಪಿರುವುದು ನಡತೆ. ಇವರನ್ನು ಊರೂರಲ್ಲಿ ಬಲ್ಲರು. ನನ್ನ ಷಡ್ಡಕ ಓಂಕಾರಪ್ಪ ನ್ಯಾಮತಿ ಕಡೆಯ ಗೋವಿನಕೋವಿಯವನು. ಹೋದ ಬೇಸಿಗೆಯಲ್ಲಿ ಇದೇ ಜೀಪು ಅಲ್ಲಿಗೆ ಹೋಗಿತ್ತು. ಹೊಳೆಯಲ್ಲಿ ಮೂಗು, ಕೊಂಬು ಮಾತ್ರ ಮೇಲಿಟ್ಟು ಮಲಗಿದ್ದ ಅವನ ಎಮ್ಮೆಯನ್ನು ಇವರು ಮೊಸಳೆಯೆಂದು ತಿಳಿದು ಈಡು ಹಾರಿಸಿದರು. ಅಲ್ಲಿಯೂ ತಪ್ಪಿತು. ಆದರೆ ಎಮ್ಮೆ ಹೊಳೆಯಿಂದ ಎದ್ದು, ಹಗ್ಗ ಹರಿದುಕೊಂಡು, ನೇರವಾಗಿ ಅಡುಗೆಮನೆಗೇ ನುಗ್ಗಿತಂತೆ. ಆಮೇಲೆ ಎಷ್ಟೋ ದಿನ ಜೀಪಿನ ಸದ್ದು ಕೇಳಿದರೆ ಸೊರ ಬಿಡದೆ, ಹಾಲನ್ನೇ ಕೊಡುತ್ತಿರಲಿಲ್ಲ. "ಎಮ್ಮೆಗೆ ಕೊಂಬಿರ್ತಾವೆ, ಮೊಸಳೆಗೆ ಇರಲ್ಲ ಅಂತ ಅವರಿಗೆ ಯಾರಾದ್ರೂ ಹೇಳ್ಬಾರ್ದೇನೋ?" ಎಂದು ಓಂಕಾರಪ್ಪ ನನ್ನನ್ನು ಕೇಳಿದ. ನಾನು ಯಾರಿಗೆ ಹೇಳಲಿ? ಅದಕ್ಕೇ ತಮಗೆ ಹೇಳುತ್ತಿದ್ದೇನೆ.

ಇನ್ನು ಯಜಮಾನರ ಗಿರಣಿಯಲ್ಲಿ ಒಂದು ಚೌಕಟ್ಟು ಹಾಕಿಸಿದ ಫೋಟೋ ಇದೆಯಂತೆ. ಅಕ್ಕಿ ಮಾಡಿಸಲು ಹೋದವರೆಲ್ಲ ನೋಡಿ ಕೈ ಮುಗಿಯುತ್ತಾರೆ. ಕರಡಿಯ ಮೇಲೆ ಒಂದು ಕಾಲು, ಸೊಂಟದ ಮೇಲೆ ಒಂದು ಕೈ. ಆ ಕರಡಿಯ ಕಥೆ ನಮ್ಮ ಹಟ್ಟಿಗೆ ಗೊತ್ತು. ಎರಡು ಮಳೆಗಾಲದ ಹಿಂದೆ ಅದು ಪಾಳುಬಾವಿಗೆ ಬಿದ್ದು ಸತ್ತುಹೋಯಿತು. ವಾಸನೆ ತಡೆಯಲಾರದೆ ಹೂಳೋಣವೆಂದು ನಮ್ಮವರು ಹಗ್ಗ ಹಾಕಿ ಎಳೆಯುತ್ತಿದ್ದಾಗ ಜೀಪು ಬಂತು. ಯಜಮಾನರು ಸತ್ತ ಕರಡಿಯಿಂದ ಸಾಕಷ್ಟು ದೂರ ನಿಂತು, ಬಹಳ ಹೊತ್ತು ಗುರಿ ಹಿಡಿದು, ಅದಕ್ಕೆ ಗುಂಡು ಹೊಡೆದರು. ಆ ಸಲ ತಪ್ಪಲಿಲ್ಲ. ಆಮೇಲೆ ಫೋಟೋ. ಹಗ್ಗ ಹಿಡಿದಿದ್ದವರಿಗೆ "ಸುತ್ತಲೂ ನಿಂತು ಹೆದರಿದ ಹಾಗೆ ಮುಖ ಮಾಡಿ" ಎಂದರಂತೆ. ನಮ್ಮವರು ಮೂಗು ಮುಚ್ಚಿಕೊಂಡದ್ದೇ ಫೋಟೋದಲ್ಲಿ ಹೆದರಿಕೆಯಾಗಿ ಬಂದಿದೆ. ಇಂಥವರ ಕೈಗೆ ತಾವು ಸರ್ಕಾರದ ಮೊಹರು ಹಾಕಿದ ಕಾಗದ ಕೊಡುತ್ತೀರಿ. ಕೊಡುವಾಗ ಒಮ್ಮೆಯಾದರೂ ಅವರ ಕಣ್ಣು ಪರೀಕ್ಷೆ ಮಾಡಿಸಿದಿರಾ? ಬಸ್ಸು ಓಡಿಸುವವನ ಕಣ್ಣು ನೋಡುತ್ತಾರೆ, ಸೇನೆಗೆ ಸೇರುವವನ ಕಣ್ಣು ನೋಡುತ್ತಾರೆ. ಬಂದೂಕು ಹಿಡಿದು ಬಾನೆಟ್ಟಿನ ಮೇಲೆ ಕೂರುವವನದು ಮಾತ್ರ ಯಾರೂ ನೋಡುವುದಿಲ್ಲ, ಯಾಕೆ?

ನಗೆಯ ನಡುವೆ ಒಂದು ಕೆಟ್ಟ ಸಂಗತಿಯನ್ನೂ ಹೇಳಿಬಿಡಬೇಕು. ಕಂಬಳಿಗೆ ಗುಂಡು ಹೊಡೆದ ದಿನವೇ ಮಧ್ಯಾಹ್ನ ಅವರು ಮರಿಗಳ ಜೊತೆ ಹೊರಟಿದ್ದ ಒಂದು ಹೆಣ್ಣು ಹಂದಿಯ ಸೊಂಟಕ್ಕೆ ಹೊಡೆದರು. ಅದು ತೆವಳಿಕೊಂಡು ಪೊದೆಗೆ ಹೋಯಿತು. ಸಣ್ಣಪ್ಪ, "ಹೋಗಿ ಮುಗಿಸಿ ಬರ್ರಿ ಸಾಹೇಬ್ರೇ, ನೋವು ತಿಂತೈತೆ ಅದು," ಎಂದು ಬೇಡಿಕೊಂಡ. ಪೊದೆಯಲ್ಲಿ ಮುಳ್ಳಿದೆ ಎಂದು ಯಾರೂ ಹೋಗಲಿಲ್ಲ. ಅವರಿಗೆ ಊಟದ ಹೊತ್ತಾಗಿತ್ತು, ಚಿತ್ರಾನ್ನವನ್ನು ನಾನು ಚೆಲ್ಲಿದ್ದರಿಂದ ಜಗಳೂರಿಗೆ ಹೋಗಿ ಉಣ್ಣಬೇಕಾಗಿತ್ತು. ಜೀಪು ಹೋದ ಮೇಲೂ ಸಾಯಂಕಾಲದವರೆಗೆ ಪೊದೆಯಲ್ಲಿ ಅದರ ನರಳಾಟ ಕೇಳುತ್ತಲೇ ಇತ್ತು. ಹಂದಿ ನಮ್ಮ ಶೇಂಗಾ ತಿನ್ನುತ್ತದೆ, ಅದರ ಮೇಲೆ ನಮಗೆ ಪ್ರೀತಿಯೇನಿಲ್ಲ. ಆದರೂ ಆವತ್ತು ನಮ್ಮ ಹಟ್ಟಿಯಲ್ಲಿ ಸರಿಯಾಗಿ ಉಂಡವರು ಯಾರೂ ಇಲ್ಲ.

ಮರುದಿನ ನಾನು, ಯರ್ರಿಸ್ವಾಮಿ ಕಂಬಳಿ ಹೊತ್ತುಕೊಂಡು ತಮ್ಮ ಕಚೇರಿಗೆ ಬಂದೆವು. ತಾವು ಕಂಬಳಿಯನ್ನು ಮೇಜಿನ ಮೇಲೆ ಹರಡಿಸಿ, ತೂತಿನೊಳಗೆ ಬೆರಳು ಹಾಕಿ ನೋಡಿ, "ತೂತು ಅಂಥಾ ದೊಡ್ಡದೇನಲ್ಲವಲ್ಲ," ಎಂದಿರಿ.

"ಗುಂಡು ಹೋಗೋವಾಗ ಸಣ್ಣದು ಸ್ವಾಮಿ, ಒಳಗಿದ್ದೋನು ಹೋಗಿದ್ರೆ ದೊಡ್ಡದಾಗ್ತಿತ್ತು," ಎಂದ ಯರ್ರಿಸ್ವಾಮಿ.

"ಅದು ಸರಿ. ಕಂಬಳಿ ಯಾವ ಬಣ್ಣ?"

"ಎದುರಿಗೇ ಐತಲ್ಲ ಸ್ವಾಮಿ. ಕರಿ."

"ಕರಡಿ ಯಾವ ಬಣ್ಣ?"

ಯರ್ರಿಸ್ವಾಮಿ ನನ್ನ ಮುಖ ನೋಡಿದ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಹೇಳಲು ಹೆದರುತ್ತಿದ್ದ ನನಗೆ ಆ ನೋಟ ಚೆನ್ನಾಗಿ ಗೊತ್ತು. "ಅದೂ ಕರಿ ಸ್ವಾಮಿ," ಎಂದೆ ನಾನೇ.

"ನೋಡಿ, ತಪ್ಪು ಎಲ್ಲಿದೆ ಅಂತ ಈಗ ಗೊತ್ತಾಯಿತಲ್ಲ," ಎಂದು ತಾವು ಪೆನ್ನು ಮುಚ್ಚಿದಿರಿ.

ಹೊರಗೆ ಬಂದ ಮೇಲೆ ಯರ್ರಿಸ್ವಾಮಿ ಬೇವಿನ ಮರದ ಕೆಳಗೆ ನಿಂತು, "ಭಾವ, ನಾವು ದೂರು ಕೊಡಾಕೆ ಬಂದಿದ್ವೋ, ತಪ್ಪು ಒಪ್ಕೊಣಾಕೆ ಬಂದಿದ್ವೋ?" ಎಂದು ಕೇಳಿದ. ಬಸ್ಸು ಬರುವವರೆಗೂ ಅದನ್ನೇ ಯೋಚಿಸಿದೆ. ಬಸ್ಸು ಹತ್ತಿದ ಮೇಲೆ ಬ್ರೇಕಿನ ಚಿಂತೆ ಶುರುವಾಯಿತು.

ನಮ್ಮನ್ನು ಅವಿಧೇಯರೆಂದು ತಾವು ತಿಳಿಯಬಾರದು. ತಮ್ಮ ಪ್ರಕಟಣೆ ಬಂದ ಮೇಲೆ ನಾವು ಅದನ್ನು ಪಾಲಿಸಿ ನೋಡಿದೆವು. ಸುಂಕಲಮ್ಮ ನನ್ನ ಮದುವೆಯ ಬಿಳಿ ಧೋತರವನ್ನು ಪೆಟ್ಟಿಗೆಯಿಂದ ತೆಗೆದು ತಮ್ಮನಿಗೆ ಹೊದಿಸಿ ಗುಡ್ಡಕ್ಕೆ ಕಳಿಸಿದಳು. ಅವನು ಬಿಳಿಯಾಗಿ ಬಂಡೆಯ ಮೇಲೆ ನಿಂತು ಎಂದಿನ ಹಾಗೆ ಸಿಳ್ಳೆ ಹೊಡೆದ. ಕುರಿಗಳು ತಲೆಯೆತ್ತಿ ನೋಡಿದವು. ದನಿ ಯಜಮಾನನದು, ಆಕಾರ ಯಾವುದೋ ದೆವ್ವದ್ದು! ಒಂದು ಟಗರು ಕಾಲು ಕೆದರಿತು, ಮಿಕ್ಕವು ದಿಕ್ಕಾಪಾಲಾಗಿ ಓಡಿದವು. ಅವನು ಹಿಂದೆ ಓಡಿದಷ್ಟೂ ಧೋತರ ಗಾಳಿಗೆ ಹಾರಿ, ಅವು ಇನ್ನೂ ಜೋರಾಗಿ ಓಡಿದವು. ಕಡೆಗೆ ಅವನು ಧೋತರ ಬಿಚ್ಚಿ ಪೊದೆಗೆ ಎಸೆದು ಲಂಗೋಟಿಯಲ್ಲಿ ನಿಂತು ಕೂಗಿದಾಗಲೇ ಅವು ತಿರುಗಿ ಬಂದದ್ದು. ಜಿನುಗು ಮಳೆಗೆ ಅವನಿಗೆ ನೆಗಡಿ ಬಂತು. ನನ್ನ ಧೋತರ ಕಾರೆಮುಳ್ಳಿಗೆ ಸಿಕ್ಕು ಹರಿದು ಜಾಲರಿಯಾಯಿತು. ಮನೆಗೆ ಬಂದವನನ್ನು ನೋಡಿ ಸುಂಕಲಮ್ಮ, "ಕುರಿಗೇ ಗೊತ್ತಾಗ್ತೈತಲ್ಲೋ ತಮ್ಮಾ, ಯಾರು ನಮ್ಮೋರು ಯಾರು ಬ್ಯಾರೇರು ಅಂತ. ಓದಿದೋರಿಗೆ ಯಾಕೆ ಗೊತ್ತಾಗಲ್ಲ?" ಎಂದಳು.

ಹಾಗಾದರೆ ಯಾವ ಬಣ್ಣ ಹೊದೆಯಬೇಕು? ತಾವೇ ಆರಿಸಿ ಕೊಡಿ. ಹಳದಿ ಹೊದ್ದರೆ ಚಿರತೆ ಎನ್ನುತ್ತಾರೆ. ಕಂದು ಹೊದ್ದರೆ ಜಿಂಕೆ. ಬೂದು ಹೊದ್ದರೆ ತೋಳ. ಬಿಳಿ ಹೊದ್ದರೆ ಕುರಿಯೇ ಓಡಿಹೋಗುತ್ತದೆ, ಶಿಕಾರಿಯವರು ಕೊಕ್ಕರೆಯೆಂದು ಹೊಡೆದರೂ ಹೊಡೆದರು. ಹಸಿರು ಹೊದ್ದರೆ ಪೊದೆಯೆಂದು ತಿಳಿಯುತ್ತಾರೆ. ಪೊದೆ ಅಲುಗಾಡಿದರೆ ಅವರು ಹೊಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ಕೆಂಪು. ಕೆಂಪು ಬಟ್ಟೆ ಹೊದ್ದವನನ್ನು ನಮ್ಮ ಹಟ್ಟಿಯ ಹೋರಿಗಳು ಬಿಡುವುದಿಲ್ಲ. ಮಾನ್ಯರೇ, ದೇವರು ಕೊಟ್ಟ ಬಣ್ಣಗಳಲ್ಲಿ ಬಡವನು ಸುರಕ್ಷಿತವಾಗಿ ಹೊದೆಯಬಹುದಾದದ್ದು ಯಾವುದೂ ಉಳಿಯಲಿಲ್ಲ. ಇಷ್ಟು ದೂರ ಆಲೋಚನೆ ಮಾಡುವ ಬದಲು, ಕಾಣದಿರುವುದರ ಕಡೆ ಬಂದೂಕು ತಿರುಗಿಸಬೇಡಿ ಎಂಬ ಒಂದು ಸಾಲನ್ನು ಆ ಮೂವರಿಗೆ ಬರೆಯುವುದು ಸುಲಭವಾಗಿರಲಿಲ್ಲವೇ?

ಈಗ ನನ್ನ ಗಾಬರಿಯ ನಿಜವಾದ ಕಾರಣ. ಬರುವ ಭಾನುವಾರ ಜೀಪು ಮತ್ತೆ ಬರುತ್ತದೆ. ಈ ಸಲ ಒಂದಲ್ಲ, ಗೆಳೆಯರನ್ನೂ ಕರೆದುಕೊಂಡು ಹೆಚ್ಚು ಜೀಪುಗಳು, ಹೆಚ್ಚು ಬಂದೂಕುಗಳು. ಸಾಹೇಬರುಗಳು ತಂಗಲು ಬಂಗಲೆಗೆ ಸುಣ್ಣ ಹೊಡೆಸಿದ್ದಾರೆ. ಸೋವಿಗೆ ಜನ ಬೇಕೆಂದು ತಮ್ಮ ಜವಾನನೇ ಬಂದು ಹೇಳಿ ಹೋದ. ಯರ್ರಿಸ್ವಾಮಿ ಬೇರೆ ಎಲ್ಲಿಗೂ ಕುರಿ ಹೊಡೆದುಕೊಂಡು ಹೋಗುವ ಹಾಗಿಲ್ಲ; ಕೆಳಗೆಲ್ಲ ಬೆಳೆ ನಿಂತಿದೆ, ಈ ತಿಂಗಳಲ್ಲಿ ಮೇವಿರುವುದು ಗುಡ್ಡದಲ್ಲಿ ಮಾತ್ರ. ಒಂದು ದಿನ ಕುರಿಯನ್ನು ಹಟ್ಟಿಯಲ್ಲೇ ಕೂಡಿಹಾಕು ಎಂದು ನಾನು ಅವನ ಗಡ್ಡ ಹಿಡಿದು ಬೇಡಿಕೊಂಡೆ.

"ಇವತ್ತು ಒಂದು ದಿನ ಅಂತೀಯ ಭಾವ. ನಾಳೆ ವಾರಕ್ಕೊಂದು ದಿನ ಅಂತಾರೆ. ಆಮ್ಯಾಕೆ ಗುಡ್ಡಕ್ಕೆ ಬರಾಕೇ ಬ್ಯಾಡ ಅಂತಾರೆ. ಕುರಿಗೆ ಏನು ನೋಟೀಸು ತಿನ್ನಿಸ್ಲಾ?"

"ಜೀವ ಇದ್ರೆ ತಾನೇ ಕುರಿ?"

"ಕುರಿ ಇದ್ರೆ ತಾನೇ ಜೀವ?"

ಅಂದು ಸಂಜೆ ಹಟ್ಟಿಯವರೆಲ್ಲ ಕಟ್ಟೆಯ ಮೇಲೆ ಸೇರಿದರು. ಸಣ್ಣಪ್ಪ ಮೊದಲು ಎದ್ದು, ತಾನು ಸೋವಿಗೆ ಹೋಗುವುದಿಲ್ಲ, ತಮಟೆಯನ್ನು ಅಟ್ಟಕ್ಕೆ ಹಾಕಿದ್ದೇನೆ ಎಂದ. "ಆ ಹಂದಿ ನರಳೋದು ಇನ್ನೂ ನನ್ನ ಕಿವೀಲೇ ಐತೆ," ಎಂದ. ಇನ್ನೊಬ್ಬರು, ಮತ್ತೊಬ್ಬರು ಹಾಗೇ ಅಂದರು. ನನಗೆ ಸಮಾಧಾನವಾಯಿತು, ಸೋವಿಲ್ಲದಿದ್ದರೆ ಶಿಕಾರಿಯಿಲ್ಲ, ಎಲ್ಲರೂ ಮನೆಯಲ್ಲಿ ಬೆಚ್ಚಗೆ ಇರಬಹುದು ಎಂದುಕೊಂಡೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು.

"ಸೋವಿಗೆ ಹೋಗ್ದಿದ್ರೆ ಸಾಲ್ದು. ಅವರು ಬ್ಯಾರೆ ಊರೋರನ್ನ ಕರ್ಕೊಂಡು ಬರ್ತಾರೆ. ನನ್ನ ತಮ್ಮ ಒಬ್ಬನೇ ಕುಂತ್ರೆ ಕರಡಿ. ಹಟ್ಟಿಗೆ ಹಟ್ಟಿನೇ ಕರಿ ಕಂಬ್ಳಿ ಹೊದ್ಕೊಂಡು ಗುಡ್ಡದ ಮ್ಯಾಲೆ ಕುಂತ್ರೆ? ಎಷ್ಟು ಕರಡಿ ಹೊಡೀತಾರೆ ನೋಡಾಣ!"

ಎಲ್ಲರೂ ಹೋ ಎಂದರು. ನಾನು ಎದ್ದು ನಿಂತು ಆಗಬಹುದಾದ ಅನಾಹುತಗಳನ್ನು ಒಂದೊಂದಾಗಿ ಹೇಳತೊಡಗಿದೆ. ಗುಂಡು ಬಂಡೆಗೆ ತಾಗಿ ತಿರುಗಬಹುದು, ಬಂದೂಕು ತಾನಾಗಿ ಹಾರಬಹುದು, ಜೀಪಿನ ಬ್ರೇಕು ಬಿಡಬಹುದು. ಸುಂಕಲಮ್ಮ ಕೇಳುವಷ್ಟು ಕೇಳಿ, "ನೀವು ಮನೇಲಿರ್ರಿ. ಮನೆ ಕಾಯಾಕೂ ಒಬ್ರು ಬೇಕು," ಎಂದಳು. ಅವಳು ಹಂಗಿಸಿ ಹೇಳಲಿಲ್ಲ, ನಿಜವಾಗಿಯೂ ನನ್ನ ಮೇಲಿನ ಕನಿಕರದಿಂದ ಹೇಳಿದಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಆದ್ದರಿಂದ ಮಾನ್ಯರೇ, ನಮ್ಮ ಬೇಡಿಕೆಗಳನ್ನು ತಾವು ಭಾನುವಾರಕ್ಕೆ ಮುಂಚೆ ಈಡೇರಿಸಬೇಕು. ಹಂದಿಯ ಹೆಸರಿನಲ್ಲಿ ಕೊಟ್ಟಿರುವ ಅಪ್ಪಣೆಯನ್ನು ವಾಪಸು ತೆಗೆದುಕೊಳ್ಳಿ. ಕಂಬಳಿಯ ಪ್ರಕಟಣೆಯನ್ನು ಚಾವಡಿಯ ಬಾಗಿಲಿನಿಂದ ತಾವೇ ಬಂದು ಕೀಳಿ; ಅಂಟು ಗಟ್ಟಿಯಾಗಿದೆ, ಜವಾನನಿಗೆ ಆಗಲಿಕ್ಕಿಲ್ಲ. ಯರ್ರಿಸ್ವಾಮಿಗೆ ಗುಂಡು ಹೊಡೆದವರ ಬಂದೂಕನ್ನು ಮುಟ್ಟುಗೋಲು ಹಾಕಿ, ಮನುಷ್ಯನಿಗೂ ಕರಡಿಗೂ ಇರುವ ವ್ಯತ್ಯಾಸವನ್ನು ಅವರು ಹಗಲು ಬೆಳಕಿನಲ್ಲಿ ಹೇಳಿ ತೋರಿಸುವವರೆಗೆ ವಾಪಸು ಕೊಡಬೇಡಿ. ಇಷ್ಟಾದರೆ ಭಾನುವಾರ ತಾವು ನಮ್ಮ ಹಟ್ಟಿಗೆ ಊಟಕ್ಕೆ ಬರಬಹುದು. ರೊಟ್ಟಿ, ಶೇಂಗಾ ಚಟ್ನಿ, ಕುರಿ ಹಾಲಿನ ಚಹಾ ಇರುತ್ತದೆ. ಯರ್ರಿಸ್ವಾಮಿ ಒಳ್ಳೆಯ ಮಾತುಗಾರ, ಬೈಗುಳ ಬಿಟ್ಟೂ ಅವನಿಗೆ ಮಾತು ಬರುತ್ತದೆ.

ಇಷ್ಟಾಗದಿದ್ದರೆ, ಭಾನುವಾರ ಬೆಳಿಗ್ಗೆ ಉಡಚಮ್ಮನ ಗುಡ್ಡದ ತುಂಬ ಕರಿ ಕಂಬಳಿಗಳು ಕೂತಿರುತ್ತವೆ. ಬಂದೂಕಿನವರಿಗೆ ದಯಮಾಡಿ ಮೊದಲೇ ತಿಳಿಸಿ. ಅವೆಲ್ಲವೂ ಬಂಡೆಯ ಹಾಗೆ ಅಲುಗಾಡದೆ ಇರುತ್ತವೆ. ಸುಂಕಲಮ್ಮನ ಪಕ್ಕದಲ್ಲಿ ಒಂದು ಮಾತ್ರ ಗಡಗಡ ನಡುಗುತ್ತಿರುತ್ತದೆ. ಅದನ್ನು ಮೈಮೇಲೆ ಬೀಳಲು ಸಿದ್ಧವಾದ ಪ್ರಾಣಿ ಎಂದು ಯಾರೂ ತಪ್ಪು ತಿಳಿಯಬಾರದು. ಅದು ನಾನು. ನಡುಗುತ್ತಲೇ ಕೂತಿರುತ್ತೇನೆ, ಎದ್ದು ಮಾತ್ರ ಹೋಗುವುದಿಲ್ಲ.

ಇಂತಿ,
ತಮ್ಮ ಅಪ್ಪಣೆಯನ್ನು ಮೀರುವ ಧೈರ್ಯ ಸಾಲದೆ, ಪಾಲಿಸುವ ದಾರಿಯೂ ಕಾಣದೆ, ಹೆಂಡತಿಯ ಹಿಂದೆ ಗುಡ್ಡ ಹತ್ತಲಿರುವ
ಚಿಕ್ಕಹನುಮಂತಪ್ಪ
ಉಡಚಮ್ಮನ ಗುಡ್ಡದ ಕೆಳಗಿನ ಹಟ್ಟಿ, ಜಗಳೂರು ತಾಲ್ಲೂಕು
ಕಾರ್ತೀಕ ಮಾಸ, ೧೯೭೯